ಬಾಬುಮಿಯಾ ಹಿಡಿದು ಬಿಟ್ಟ ಮೀನು

ನಮ್ಮ ವಾಡಿಗೂ ಸಮುದ್ರಕ್ಕೂ ಇರುವ ಸಂಬಂಧ ಇಷ್ಟೇ: ಸಂಜೆ ಮುಂಬೈ ಕಡೆಯ ಗಾಡಿ ಹತ್ತಿ ಮಲಗಿದರೆ ಬೆಳಗಾಗುವುದರೊಳಗೆ ಸಮುದ್ರದ ಊರು ಬರುತ್ತದೆ. ಅದರಾಚೆ ನಮಗೂ ಅದಕ್ಕೂ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಇಲ್ಲಿ ಹಾರುವುದು ಸಿಮೆಂಟಿನ ಧೂಳು, ಓಡುವುದು ಗೂಡ್ಸ್ ಗಾಡಿ. ಇಂಥ ಊರಿನಲ್ಲಿ ಒಬ್ಬ ಮನುಷ್ಯನ ಮಾನ ಸಮುದ್ರದ ಮೀನಿನ ಬಾಯಲ್ಲಿ ಸಿಕ್ಕಿಕೊಂಡಿತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ. ನಾನು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತನಾದವನು. ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಕುಳಿತು, ಮುಂದೆ ಏನಾಗುತ್ತಿದೆ ಎಂದು ಹಿಂದಿನಿಂದ ನೋಡುವುದೇ ನನ್ನ ಉದ್ಯೋಗವಾಗಿತ್ತು. ಬಾಬುಮಿಯಾನ ವಿಷಯದಲ್ಲೂ ನಾನು ಅಷ್ಟೇ ಮಾಡಿದ್ದೇನೆ, ಹೆಚ್ಚಿನ ತಪ್ಪೇನೂ ಮಾಡಿಲ್ಲ.

ಬಾಬುಮಿಯಾನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಮಾಳಿಗೆ ಹತ್ತಿದರೆ ಅದೂ ಇಲ್ಲ. ಅವನ ಹೆಂಡತಿ ಅಖ್ತರ ಬೇಗಂ ಒಣಹಾಕಿದ ಮೆಣಸಿನಕಾಯಿಯನ್ನು ನನ್ನ ಹೆಂಡತಿ ನಾಗರತ್ನಾ ಕಾಯುತ್ತಾಳೆ, ನಾಗರತ್ನಾ ಒಣಹಾಕಿದ ಸೀರೆಯನ್ನು ಅಖ್ತರ ಬೇಗಂ ಮಡಿಚಿಡುತ್ತಾಳೆ. ಬಾಬುಮಿಯಾ ಬಹಳ ವರ್ಷ ಮಸ್ಕತ್ತಿನಲ್ಲಿ ದುಡಿದು ಬಂದವನು. ಅಲ್ಲಿ ಅವನು ಇದ್ದದ್ದು ಒಂದು ಸಣ್ಣ ದೋಣಿಯಲ್ಲಿ. ವಿಲಾಯತಿ ಸಾಹೇಬರು ಆ ದೋಣಿ ಹತ್ತಿ, ದಂಡೆಯ ಹತ್ತಿರದ ತೆಳುನೀರಿಗೆ ಹೋಗಿ, ಕೋಳಿಯ ಗರಿಯಿಂದ ಕಟ್ಟಿದ ಸುಳ್ಳು ಹುಳವನ್ನು ದಾರದ ತುದಿಗೆ ಸಿಕ್ಕಿಸಿ, ಬಾರುಕೋಲು ಬೀಸಿದಂತೆ ಬೀಸಿ, ದೊಡ್ಡ ದೊಡ್ಡ ಮೀನು ಹಿಡಿಯುತ್ತಿದ್ದರಂತೆ. ಹಿಡಿದು, ಫೋಟೋ ತೆಗೆಸಿಕೊಂಡು, ಮತ್ತೆ ನೀರಿಗೇ ಬಿಡುತ್ತಿದ್ದರಂತೆ. ಇಷ್ಟಕ್ಕಾಗಿ ವಿಮಾನ ಹತ್ತಿ ಬರುತ್ತಿದ್ದರಂತೆ. ಬಾಬುಮಿಯಾ ಊರಿಗೆ ಹೊರಟಾಗ ಒಬ್ಬ ಸಾಹೇಬ ಪ್ರೀತಿಯಿಂದ ತನ್ನ ಹಳೆಯ ಗಾಳದ ಕೋಲನ್ನು ಕೊಟ್ಟು ಕಳಿಸಿದ್ದ. ಬಾಬುಮಿಯಾ ಅದನ್ನು ತಂದು ನಡುಮನೆಯ ಗೋಡೆಗೆ ತೂಗುಹಾಕಿದ. ಅದು ಅಲ್ಲೇ ತೂಗಿಕೊಂಡಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು.

ಸ್ಟೇಷನ್ ಮುಂದಿನ ಚಹಾದ ಅಂಗಡಿಯಲ್ಲಿ ಅವನು ಮಸ್ಕತ್ತಿನ ಕಥೆ ಹೇಳುತ್ತಿದ್ದ. ಮೊದಮೊದಲು ಆ ಕಥೆಯಲ್ಲಿ ಸಾಹೇಬರೇ ಮೀನು ಹಿಡಿಯುತ್ತಿದ್ದರು. ಕೇಳುವವರು ಹೂಂ ಎಂದರು. ಸ್ವಲ್ಪ ದಿನದ ಮೇಲೆ ಸಾಹೇಬರೂ ಅವನೂ ಕೂಡಿ ಹಿಡಿಯತೊಡಗಿದರು. ಕೇಳುವವರು ಹೌದೇನು ಎಂದರು. ಆಮೇಲೆ ಸಾಹೇಬರು ಒಬ್ಬೊಬ್ಬರಾಗಿ ದೋಣಿಯಿಂದ ಇಳಿದು ಹೋದರು, ಬಾಬುಮಿಯಾ ಒಬ್ಬನೇ ಉಳಿದ. ಕೇಳುವವರು ಅವನಿಗೆ ಚಹಾ ಹೇಳಿದರು. ಒಳ್ಳೆಯ ಮನುಷ್ಯನನ್ನು ಕೆಡಿಸಲು ಇಷ್ಟು ಸಾಕು.

ಅವನ ಮಗಳು ಮಹೆವಿಶ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಶಹಾಬಾದಿಗೆ ಹೋಗಿ ಅಲ್ಲಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡಿಸುವ ಸಿರಾಜುದ್ದೀನರ ಮಗ ತೌಸೀಫ್ ಅವಳನ್ನು ಮೆಚ್ಚಿದ. ಅವಳೂ ಮೆಚ್ಚಿದಳು. ಎರಡೂ ಮನೆಯ ಹೆಂಗಸರು ಒಪ್ಪಿದರು. ಉಳಿದದ್ದು ಸಿರಾಜುದ್ದೀನರ ಒಪ್ಪಿಗೆ. ಅದೇನು ಸಣ್ಣ ಮಾತಲ್ಲ. ಒಂದು ಸಲ ಸುಳ್ಳು ಹೇಳಿದ ಗಿರಾಕಿಗೆ ಅವರು ಜನ್ಮದಲ್ಲಿ ಮತ್ತೊಂದು ಚೂರು ಕಲ್ಲು ಮಾರುವವರಲ್ಲ. ಒಡಹುಟ್ಟಿದ ತಮ್ಮನೇ ‘ಮನೆಯಲ್ಲಿಲ್ಲ’ ಎಂದು ಒಳಗಿನಿಂದಲೇ ಹೇಳಿಸಿದ್ದಕ್ಕೆ ಅವನ ಜೊತೆ ಮಾತು ಬಿಟ್ಟವರು.

ಅವರು ಮಗನನ್ನು ಕರೆದುಕೊಂಡು ಹೆಣ್ಣಿನ ಮನೆ ನೋಡಲು ಬಂದ ದಿನ ನಾನೂ ಅಲ್ಲಿದ್ದೆ. ಬಗಾರಾ ಅನ್ನ, ದಾಲ್ಚಾ ಎಲ್ಲ ಮುಗಿದು ಮಾತು ಸುಸೂತ್ರವಾಗಿ ನಡೆದಿತ್ತು. ಆಗ ನಾನು, ಹಾಳಾದ ಬಾಯಿ, ಗೋಡೆಯ ಮೇಲಿನ ಕೋಲನ್ನು ತೋರಿಸಿ, “ನಮ್ಮ ಬಾಬುಭಾಯಿ ಮಸ್ಕತ್ತಿನಾಗ ಆಳೆತ್ತರದ ಮೀನ ಹಿಡದಾರ್ರಿ” ಎಂದೆ. ನೆರೆಯವನನ್ನು ಹೊಗಳುವುದು ನನ್ನ ಧರ್ಮ ಎಂದುಕೊಂಡಿದ್ದೆ.

ಸಿರಾಜುದ್ದೀನರು ಪಾನ್ ಜಗಿಯುವುದನ್ನು ನಿಲ್ಲಿಸಿದರು. “ಹೌದೇನ್ರಿ? ಎಷ್ಟ್ ದೊಡ್ಡದು?”

ಬಾಬುಮಿಯಾ ಎರಡೂ ಕೈ ಅಗಲಿಸಿದ. ಒಂದು ಕೈ ಗೋಡೆಗೆ ಬಡಿಯಿತು, ಇನ್ನೊಂದು ತೌಸೀಫನ ಷರಬತ್ತಿನ ಗ್ಲಾಸನ್ನು ಉರುಳಿಸಿತು.

“ಅಷ್ಟ್ ದೊಡ್ಡ ಮೀನ ಏನ್ ಮಾಡಿದ್ರಿ?”

“ಬಿಟ್ಟೆರಿ.”

“ತಪ್ಪಿಸ್ಕೊಂಡು ಹೋಯ್ತು ಅನ್ರಿ.”

“ಇಲ್ರಿ, ನಾನೇ ಬಿಟ್ಟೆ. ನೀರಾಗ.”

“ಎರಡನೇದ್ದು?”

“ಅದನ್ನೂ ಬಿಟ್ಟೆರಿ.”

“ಅವತ್ತ ರೋಜಾ ಉಪಾಸ ಇತ್ತೇನು?”

“ಇಲ್ರಿ. ಕೋಳಿ ಉಂಡ್ವಿ.”

“ಅಂದ್ರ ಮೀನ ಹಿಡೀಲಿಕ್ಕ ಹೋಗಿ, ಮೀನ ಹಿಡದು, ಮೀನ ಬಿಟ್ಟು, ಕೋಳಿ ಉಂಡ್ರಿ.”

“ಹೌದ್ರಿ.”

“ದಿನಾ?”

“ದಿನಾ ಹಂಗೇರಿ.”

ಸಿರಾಜುದ್ದೀನರು ಎದ್ದು ನಿಂತು ಟೋಪಿ ಸರಿಮಾಡಿಕೊಂಡರು. “ನೋಡ್ರಿ ಬಾಬುಮಿಯಾ, ಕೈಯಾಗ ಬಂದ ಮೀನ ಬಿಡಾಂವ ಈ ದುನಿಯಾದಾಗ ಇಲ್ಲ. ಒಂದು ನೀವು ಸುಳ್ಳು ಹೇಳಾಕತ್ತೀರಿ, ಇಲ್ಲಂದ್ರ ನಿಮ್ಮ ತಲಿ ನೆಟ್ಟಗಿಲ್ಲ. ಸುಳ್ಳಿದ್ರ ಈ ಮನಿ ಸಂಬಂಧ ನನಗ ಬ್ಯಾಡ. ಹುಚ್ಚಿದ್ರ ಮಕ್ಕಳಿಗಿ ಬರ್ತದೋ ಏನೋ ಅಂತ ಹಕೀಮರನ್ನ ಕೇಳಬೇಕು. ಬರೋ ಐತವಾರ ದಂಡೋತಿಗಿ ಬರ್ರಿ. ಕಾಗಿಣಾ ಹೊಳ್ಯಾಗ ಇದೇ ಕೋಲಿನಿಂದ, ಇದೇ ಗರಿಯಿಂದ, ನನ್ನ ಕಣ್ಣ ಮುಂದ ಹಿಡದು, ನನ್ನ ಕಣ್ಣ ಮುಂದ ಬಿಡ್ರಿ. ಅವತ್ತೇ ಉಂಗುರ ಹಾಕಿ ಮಂಗ್ನಿ ಮಾಡೋ ದಿನ ಗೊತ್ತು ಮಾಡೋಣ.”

ಅವರು ಹೋದ ಮೇಲೆ ಮಹೆವಿಶ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. “ಅಬ್ಬಾ, ಎಲ್ಲಾರ ನಸೀಬು ಹಣಿ ಮ್ಯಾಲ ಬರದಿರ್ತದಂತ. ನನ್ನದು ಒಯ್ದು ಒಂದು ಮೀನಿನ ಬಾಯಾಗ ಇಟ್ರಿ” ಎಂದು ಹೇಳಿ ಒಳಗೆ ಹೋದಳು. ಅಖ್ತರ ಬೇಗಂ ನನ್ನ ಕಡೆ ತಿರುಗಿದಳು. “ಚಂದ್ರಾಮಣ್ಣ, ನಿಮಗ ಇನ್ನೊಂದ್ ಸ್ವಲ್ಪ ಅನ್ನ ಬಡಸಿದ್ರ ಆ ಬಾಯಿ ಸುಮ್ಮನಿರ್ತಿತ್ತು. ನಂದೇ ತಪ್ಪು” ಎಂದಳು. ನಾನು ಚಪ್ಪಲಿ ಹುಡುಕಿದೆ.

ಬಾಬುಮಿಯಾ ನನ್ನ ಹಿಂದೆಯೇ ಮಾಳಿಗೆಗೆ ಬಂದ.

“ಚಂದ್ರಾಮಣ್ಣ, ಒಂದ್ ಮಾತು. ಆ ಕೋಲು ನಾ ಒಂದ್ ಸಲನೂ ಬೀಸಿಲ್ಲ.”

“ಏನು!”

“ಬೀಸಾವ್ರು ಸಾಹೇಬರು. ಮೀನ ದೋಣಿ ತನಕ ಬಂದ ಮ್ಯಾಲ ಅದರ ಗದ್ದ ಹಿಡದು, ಗಾಳ ಬಿಡಿಸಿ, ನೀರಿಗಿ ಬಿಡೋದು ನನ್ನ ಕೆಲಸ. ಆಮ್ಯಾಲ ಎಲ್ಲಾರಿಗೂ ಚಾ ಮಾಡೋದು.”

“ಅಂದ್ರ ನೀ ಹಿಡಿಯಾಂವ ಅಲ್ಲ, ಬರೇ ಬಿಡಾಂವ?”

“ಬಿಡೋದೇನು ಹಗುರ ಕೆಲಸ ಅಲ್ಲಣ್ಣ” ಎಂದು ಅವನು ಸಣ್ಣ ಮುಖ ಮಾಡಿದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. ಹೋಗಿ ಸಿರಾಜುದ್ದೀನರಿಗೆ ನಿಜ ಹೇಳಿಬಿಡು ಎಂದೆ. ಅವನು ತಲೆ ಅಲ್ಲಾಡಿಸಿದ. “ಈಗ ಖರೇ ಹೇಳಿದ್ರ ಸುಳ್ಳಾಂವ ಅಂತ ಸಾಬೀತ್ ಆಗ್ತದ. ಬ್ಯಾಡ. ಕಲೀತೀನಿ.”

ಹೀಗೆ ಆ ವಾರ ನಮ್ಮ ಮಾಳಿಗೆಯ ಮೇಲೆ ಮಸ್ಕತ್ತು ಶುರುವಾಯಿತು. ಮೊದಲು ಸುಳ್ಳು ಹುಳಕ್ಕೆ ಗರಿ ಬೇಕಾಯಿತು. ಅಖ್ತರ ಬೇಗಂ ಸಾಕಿದ ಹುಂಜಕ್ಕೆ ಊರೇ ಹೊಗಳುವಂಥ ಕುತ್ತಿಗೆಗರಿ ಇತ್ತು. ಮಧ್ಯಾಹ್ನದ ಹೊತ್ತಿಗೆ ಅದು ಕುತ್ತಿಗೆಯಿಂದ ಕೆಳಗೆ ಮಾತ್ರ ಹುಂಜವಾಗಿ ಉಳಿದಿತ್ತು. ಮುಜುಗರಕ್ಕೆ ಅದು ಮರುದಿನ ಕೂಗಲೇ ಇಲ್ಲ, ಓಣಿಯವರೆಲ್ಲ ತಡವಾಗಿ ಎದ್ದರು. ಮಹೆವಿಶ ಸಿಟ್ಟಿನಲ್ಲಿದ್ದರೂ ಅಪ್ಪನ ದಪ್ಪ ಬೆರಳು ಗರಿಗೆ ದಾರ ಸುತ್ತಲು ಒದ್ದಾಡುವುದನ್ನು ನೋಡಲಾರದೆ ತಾನೇ ಕಸಿದುಕೊಂಡು ಕಟ್ಟಿಕೊಟ್ಟಳು. ಬಾಬುಮಿಯಾ ಇಕ್ಕಳ ತೆಗೆದುಕೊಂಡು ಗಾಳದ ತುದಿಯ ಹಿಂಮುಳ್ಳನ್ನು ಒತ್ತಿ ಮಟ್ಟಮಾಡಿದ. ಸಾಹೇಬರು ಹಾಗೆ ಮಾಡುತ್ತಿದ್ದರಂತೆ, ಬಿಡಿಸುವಾಗ ಮೀನಿನ ಬಾಯಿ ಹರಿಯಬಾರದಂತೆ. ನಮ್ಮಲ್ಲಿ ಮೀನಿನ ಬಾಯಿಯ ಚಿಂತೆ ಯಾರಿಗಿದೆ?

ಆಮೇಲೆ ಬೀಸಾಟ. ದಾರವನ್ನು ಮೊದಲು ಹಿಂದಕ್ಕೆ ಚಿಮ್ಮಬೇಕು, ಅದು ನೆಟ್ಟಗೆ ಚಾಚಿಕೊಂಡ ಮೇಲೆ ಮುಂದಕ್ಕೆ ಚಿಮ್ಮಬೇಕು. ಮುಂದೆ ಏನಿದೆ ಎಂದು ಬಾಬುಮಿಯಾ ಚೆನ್ನಾಗಿ ನೋಡುತ್ತಿದ್ದ. ಹಿಂದೆ ನಾಗರತ್ನಾಳ ಬಟ್ಟೆ ಒಣಹಾಕುವ ಹಗ್ಗ ಇತ್ತು. ಮೊದಲ ದಿನ ನನ್ನ ಬನಿಯನ್ ಹಾರಿ ಹೋಗಿ ಎದುರುಮನೆಯ ಟಿ.ವಿ. ಛತ್ರಿಯ ಮೇಲೆ ಕುಳಿತಿತು. ಮರುದಿನ ದಿಂಬಿನ ಚೀಲ. ಅದರ ಮರುದಿನ ನಾಗರತ್ನಾ ತನ್ನ ಕೆಂಪು ಇಳಕಲ್ ಸೀರೆ ಒಣಹಾಕಿದ್ದಳು.

ನಮ್ಮ ಮಾಳಿಗೆಯಿಂದ ರೈಲು ಹಳಿ ಕಲ್ಲೆಸೆತದ ದೂರದಲ್ಲಿದೆ. ಬಾಬುಮಿಯಾ ಹಿಂದಕ್ಕೆ ಚಿಮ್ಮಿದ, ಗಾಳ ಸೀರೆಗೆ ಸಿಕ್ಕಿತು. ಅವನಿಗೆ ಅದು ತಿಳಿಯಲಿಲ್ಲ, ಭಾರವಾಯಿತು ಎಂದುಕೊಂಡು ಇನ್ನೂ ಜೋರಾಗಿ ಮುಂದಕ್ಕೆ ಬೀಸಿದ. ಕೆಂಪು ಸೀರೆ ಆಕಾಶದಲ್ಲಿ ಬಿಚ್ಚಿಕೊಂಡಿತು. ಬಿಡಿಸಿಕೊಳ್ಳಲು ಅವನು ಎಡಕ್ಕೆ ಬಲಕ್ಕೆ ಬೀಸಿದಷ್ಟೂ ಅದು ಎಡಕ್ಕೆ ಬಲಕ್ಕೆ ಹಾರಾಡಿತು. ಅದೇ ಹೊತ್ತಿಗೆ ಸಿಮೆಂಟು ಹೊತ್ತ ಗೂಡ್ಸ್ ಗಾಡಿ ಬರುತ್ತಿತ್ತು. ಹಳಿಯ ಬದಿಯಲ್ಲಿ ಯಾರಾದರೂ ಕೆಂಪು ಬಟ್ಟೆ ಜೋರಾಗಿ ಬೀಸಿದರೆ ಗಾಡಿ ನಿಲ್ಲಿಸಬೇಕು. ಆ ಡ್ರೈವರ್ ನಿಯಮ ಬಲ್ಲವನು, ನಿಲ್ಲಿಸಿದ. ಬ್ರೇಕಿನ ಕೀರಲು ಸದ್ದು ಕೇಳಿ ನಾನು ಹಳೆಯ ಅಭ್ಯಾಸಬಲದಿಂದ ಊಟದ ತಾಟು ಬಿಟ್ಟು ಹಸಿರು ಬಾವುಟ ಹುಡುಕಿದೆ.

ಸ್ವಲ್ಪ ಹೊತ್ತಿನಲ್ಲೇ ರೈಲ್ವೆ ಪೊಲೀಸ್ ಅಂಬರೇಶ ಏದುಸಿರು ಬಿಡುತ್ತ ಮಾಳಿಗೆ ಹತ್ತಿ ಬಂದ. “ಯಾರ್ರೀ ಗಾಡಿ ನಿಲ್ಸಿದ್ದು?”

ಬಾಬುಮಿಯಾನ ಕೈಯಲ್ಲಿ ಕೋಲು, ಹೆಗಲ ಮೇಲೆ ಸೀರೆ, ತಲೆಯ ಮೇಲೆ ರಕ್ಷಣೆಗೆಂದು ಹಾಕಿಕೊಂಡ ಹೆಲ್ಮೆಟ್ಟು. “ನಾ ಮೀನ ಹಿಡೀಲಿಕತ್ತಿದ್ದೆರಿ” ಎಂದ.

ಅಂಬರೇಶ ಮಾಳಿಗೆಯ ನಾಲ್ಕೂ ಮೂಲೆ ನೋಡಿದ. ನೀರಿನ ಟ್ಯಾಂಕಿನ ಮುಚ್ಚಳ ತೆಗೆದೂ ನೋಡಿದ. “ಎಲ್ಲಿ ಅದಾವ ಮೀನ?”

“ಐತವಾರ ಸಿಗ್ತಾವ್ರಿ.”

ನಾಗರತ್ನಾ ನಡುವೆ ಬಂದಳು. “ಗಾಡಿದ್ದೇನು ಬಿಡ್ರಿ, ನಿಂತಿದ್ದು ಮತ್ತ ಹೋಗ್ತದ. ನನ್ನ ಸೀರಿ ಸೆರಗಿಗಿ ತೂತ ಬಿದ್ದದ. ಮದಲ ಅದನ್ನ ಬರಕೋರಿ.”

ಎಲ್ಲವನ್ನೂ ವಿವರಿಸುವ ಹೊತ್ತಿಗೆ ಅಂಬರೇಶ ಎರಡು ಕಪ್ ಚಹಾ ಕುಡಿದಿದ್ದ. ಅವನಿಗೂ ಹೆಣ್ಣು ನೋಡುತ್ತಿದ್ದರು, ಎಲ್ಲಿಯೂ ಕೂಡಿ ಬಂದಿರಲಿಲ್ಲ. ಹಾಗಾಗಿ ಲಗ್ನದ ಮಾತು ಬಂದಕೂಡಲೇ ಕರಗಿಹೋದ. “ಬಾಬುಚಾಚಾ, ಕೋಲು ಮಾಳಗಿ ಮ್ಯಾಲ ತಂದ್ರ ಮುಂದಿನ ಸಲ ಸುಮ್ಮನ ಬಿಡಂಗಿಲ್ಲ. ಮ್ಯಾಲ ಕರೆಂಟ್ ತಂತಿ ಅದ, ತಗಲಿದ್ರ ಸುಟ್ಟು ಕರಕ್ ಆಗ್ತೀರಿ. ಐತವಾರ ನಾನೂ ದಂಡೋತಿಗಿ ಬರ್ತೀನಿ, ನೋಡ್ತೀನಿ” ಎಂದು ಹೋದ.

ಸುದ್ದಿಗೆ ಮಾತ್ರ ಬ್ರೇಕು ಇರಲಿಲ್ಲ. ವಾಡಿಯಲ್ಲಿ ‘ಬಾಬುಮಿಯಾ ಗಾಡಿ ನಿಲ್ಲಿಸಿದ’ ಎಂದಿದ್ದದ್ದು ಚಿತ್ತಾಪುರ ಮುಟ್ಟುವಾಗ ‘ಗಾಳ ಹಾಕಿ ನಿಲ್ಲಿಸಿದ’ ಎಂದಾಯಿತು. ಸೇಡಂನಲ್ಲಿ ಇಂಜಿನ್ನು ಒಂದಡಿ ಹಿಂದಕ್ಕೆ ಬಂತು. ಚಿಂಚೋಳಿಯಲ್ಲಿರುವ ನನ್ನ ಸಡ್ಡಕ, ನಾಗರತ್ನಾಳ ತಂಗಿಯ ಗಂಡ, ಫೋನು ಮಾಡಿ, ಗಾಡಿಯ ಡಬ್ಬಿ ಮಾಳಿಗೆಯ ಮೇಲೆ ಇನ್ನೂ ಇದೆಯೇ, ನೋಡಲು ಬರಬಹುದೇ ಎಂದು ಕೇಳಿದ. ಶಹಾಬಾದಿನಿಂದ ಸಿರಾಜುದ್ದೀನರ ಫೋನೂ ಬಂತು.

“ಮಾಲಗಾಡಿ ಹಿಡದ್ರಂತ?”

“ಹಿಡೀಲಿಲ್ರಿ, ಅದೇ ನಿಂತ್ತು” ಎಂದ ಬಾಬುಮಿಯಾ.

“ಆಮ್ಯಾಲ?”

“ಆಮ್ಯಾಲ ಹೋಯ್ತುರಿ.”

“ಅಂದ್ರ ಅದನ್ನೂ ಬಿಟ್ರಿ!” ಎಂದು ಅವರು ಫೋನಿಟ್ಟರು.

ಐತವಾರ ದಂಡೋತಿಯ ಹೊಳೆದಂಡೆಯಲ್ಲಿ ಯಾರು ಕರೆದಿದ್ದರೋ, ಸುತ್ತಲಿನ ಜನವೆಲ್ಲ ಸೇರಿತ್ತು. ಮಿರ್ಚಿ ಭಜಿಯ ಗಾಡಿಯೂ ಬಂದು ನಿಂತಿತ್ತು. ಅಂಬರೇಶ ಜನರನ್ನು ಹಿಂದೆ ಸರಿಸುತ್ತಿದ್ದ, ಅದು ಅವನ ಸರಹದ್ದಲ್ಲ ಎಂದು ಯಾರೂ ಹೇಳಲಿಲ್ಲ. ಅಖ್ತರ ಬೇಗಂ ಒಂದು ಕಲ್ಲಿನ ಮೇಲೆ ಕುಳಿತು ತಸ್ಬೀಹಿನ ಜಪಮಣಿ ಎಣಿಸುತ್ತಿದ್ದಳು. ಮಹೆವಿಶ ನಾಗರತ್ನಾಳ ಕೈ ಹಿಡಿದು ನಿಂತಿದ್ದಳು. ತೌಸೀಫ್ ದೂರದಿಂದ ಅವಳನ್ನು ನೋಡುತ್ತ, ಮಧ್ಯೆಮಧ್ಯೆ ಹೊಳೆಯನ್ನೂ ನೋಡುತ್ತಿದ್ದ. ನಾನು ಬಾಯಿ ಬಿಡದಿದ್ದರೆ ಈ ಮಕ್ಕಳು ಈ ಹೊತ್ತಿಗೆ ಹಸಿರು ಬಳೆ ಆರಿಸುತ್ತಿದ್ದರು.

ದೋಣಿ ಎಂದರೆ ಅಲ್ಲಿ ಇದ್ದದ್ದು ಹಣಮಮ್ಮನ ಹರಿಗೋಲು. ಹಣಮಮ್ಮ ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದ ಹೆಂಗಸು. ಅವಳು ಗರಿಯ ಹುಳವನ್ನು ಅಂಗೈಯಲ್ಲಿಟ್ಟು ನೋಡಿದಳು. “ಯಪ್ಪಾ, ಕೋಳಿ ತಿನ್ನೋ ಮೀನ ನಮ್ಮ ಕಾಗಿಣಾದಾಗ ಇಲ್ಲ. ಬಲಿ ಹಾಕಿ ಕೊಡ್ತೀನಿ, ಸುಮ್ಮನ ತೊಗೊಂಡು ಹೋಗ್ರಿ.”

“ಬ್ಯಾಡವ್ವಾ. ನಾವು ಹಿಡದು ಬಿಡಬೇಕು” ಎಂದ ಬಾಬುಮಿಯಾ.

“ಬಿಡೋದಿದ್ರ ಹಿಡಿಯೋದ್ಯಾಕ?”

“ಶಾಬಾಸ್!” ಎಂದರು ಸಿರಾಜುದ್ದೀನರು. “ಬಂದಾವ್ರಾಗ ಒಬ್ಬಾಕಿಗರ ಬುದ್ಧಿ ಅದ.”

ದಂಡೆಯಿಂದ ನೋಡಿದ್ದು ಸಾಕ್ಷಿಯಾಗದು ಎಂದು ಅವರೂ ಹರಿಗೋಲು ಹತ್ತಿದರು. ಇಬ್ಬರ ನಡುವೆ ಒಬ್ಬ ಇರಲಿ ಎಂದು ನನ್ನನ್ನೂ ಹತ್ತಿಸಿದರು. ನನ್ನ ಕೈಯಲ್ಲಿ ಛತ್ರಿ ಇತ್ತು. ಹಣಮಮ್ಮ ನಮ್ಮನ್ನು ದಂಡೆಯಿಂದ ಸ್ವಲ್ಪವೇ ಆಚೆ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿದಳು. ಮುಂದೆ ಮಡುವಿದೆ, ನಾಲ್ವರಲ್ಲಿ ಈಜು ಬರುವುದು ತನಗೊಬ್ಬಳಿಗೇ, ಮೂವರನ್ನು ಎತ್ತಲು ತನ್ನಿಂದಾಗದು ಎಂದಳು.

ಹರಿಗೋಲಿಗೆ ಒಂದು ಗುಣವಿದೆ. ಒಳಗೆ ನಿಂತವನು ಬಲಕ್ಕೆ ಬೀಸಿದರೆ ಅದು ಎಡಕ್ಕೆ ತಿರುಗುತ್ತದೆ. ಬಾಬುಮಿಯಾ ಸೇಡಂ ಕಡೆಗೆ ಗುರಿಯಿಟ್ಟು ಬೀಸಿದರೆ ಗಾಳ ಚಿತ್ತಾಪುರದ ಕಡೆ ಬೀಳುತ್ತಿತ್ತು. ಮೊದಲ ಬೀಸಿಗೆ ನನ್ನ ಛತ್ರಿ ಹೋಯಿತು. ಮುಂದಿನದಕ್ಕೆ ಹಣಮಮ್ಮನ ಎಲೆ‌ಅಡಿಕೆ ಚೀಲ. ಅದರ ಮುಂದಿನದಕ್ಕೆ ದಂಡೆಯ ಜಾಲಿಗಿಡ.

“ಗಿಡ ಹಿಡದ್ರು! ಇನ್ನ ಬಿಡ್ರಿ ಅದನ್ನೂ!” ಎಂದು ದಂಡೆಯಿಂದ ಯಾರೋ ಕೂಗಿದರು. ಜನ ನಕ್ಕರು. ಬಿಸಿಲೇರಿತು, ಭಜಿ ಮುಗಿಯಿತು. ಮೀನುಗಳು ಆಗಾಗ ಪಕ್ಕದಲ್ಲೇ ಬುಳಕ್ಕನೆ ಎದ್ದು, ನಮ್ಮನ್ನು ನೋಡಿ ಒಳಗೆ ಹೋಗುತ್ತಿದ್ದವು. ಬಾಬುಮಿಯಾನ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಅವನು ಒಂದು ಸಲ ಮಗಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

ಸಿರಾಜುದ್ದೀನರಿಗೆ ಸಾಕಾಯಿತು. ಅವರು ಹರಿಗೋಲಿನಲ್ಲೇ ಎದ್ದು ನಿಂತು ದಂಡೆಯ ಕಡೆ ಕೈ ಎತ್ತಿದರು. “ಎಲ್ಲಾರೂ ಕೇಳ್ರಿ! ಇವತ್ತ ನೀವೇ ಸಾಕ್ಷಿ. ಬಾಬುಮಿಯಾ ಹೇಳಿದ್ದೆಲ್ಲಾ ಬರೇ ಸು...”

ಆ ಮಾತು ಪೂರ್ತಿಯಾಗಲಿಲ್ಲ. ಇದೊಂದೇ ಸಲ, ಯಾ ಅಲ್ಲಾ, ಎಂದುಕೊಂಡು ಬಾಬುಮಿಯಾ ಕೊನೆಯದಾಗಿ ಬೀಸಿದ್ದ. ಜೀವಮಾನದಲ್ಲಿ ಮೊದಲ ಬಾರಿಗೆ ದಾರ ಹಿಂದಕ್ಕೆ ನೆಟ್ಟಗೆ ಚಾಚಿಕೊಂಡಿತು, ಸುಂದರವಾಗಿ ಮುಂದಕ್ಕೆ ಬಂತು, ಗರಿಯ ಹುಳ ತೇಲಿಕೊಂಡು ಬಂದು ಸಿರಾಜುದ್ದೀನರ ತೆರೆದ ಬಾಯಿಯಲ್ಲಿ, ಕೆಳತುಟಿಗೆ ಸಿಕ್ಕಿಕೊಂಡು ಕುಳಿತಿತು.

ಅವರು ‘ಆಂ’ ಎಂದು ಹಿಂದೆ ಸರಿದರು. ಹರಿಗೋಲು ವಾಲಿತು. ಸಿರಾಜುದ್ದೀನರು ಧೊಪ್ಪೆಂದು ನೀರಿಗೆ ಬಿದ್ದರು, ಬಿದ್ದವರೇ ಎದ್ದು ದಂಡೆಯ ಕಡೆ ಓಡತೊಡಗಿದರು. ಕೋಲಿನ ರೀಲು ಕಿರ್ರನೆ ಬಿಚ್ಚಿಕೊಂಡಿತು.

ಆಗ ಬಾಬುಮಿಯಾನ ಮುಖ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. “ಚಂದ್ರಾಮಣ್ಣ, ಕೋಲು ಹಿಡೀರಿ! ಎಳೀಬ್ಯಾಡ್ರಿ! ಸಡಿಲ ಬಿಡ್ರಿ, ಓಡ್ಲಿ!” ಎಂದು ಕೋಲನ್ನು ನನ್ನ ಕೈಗೆ ತುರುಕಿ ನೀರಿಗೆ ಹಾರಿದ. ನಾನು ಸಡಿಲ ಬಿಟ್ಟೆ. ಸಿರಾಜುದ್ದೀನರು ಬಲಕ್ಕೆ ಓಡಿದರೆ ಬಲಕ್ಕೆ ತಿರುಗಿದೆ, ಎಡಕ್ಕೆ ಓಡಿದರೆ ಎಡಕ್ಕೆ. ಬಾಬುಮಿಯಾ ಸದ್ದಿಲ್ಲದೆ ಪಕ್ಕದಿಂದ ಬಂದು ಅವರ ಗದ್ದವನ್ನು ಅಂಗೈಯಲ್ಲಿ ಹಿಡಿದ. ಅವರು ಒದ್ದಾಡುವುದನ್ನು ನಿಲ್ಲಿಸಿದರು. “ಡರ್ ನಕ್ಕೋ ಬೇಟಾ, ಅಬ್ಬೀಚ್ ಛೋಡ್ತೂಂ” ಎಂದ. ಹೆದರಬೇಡ ಮಗಾ, ಈಗಲೇ ಬಿಡುತ್ತೇನೆ ಎಂದು. ಶಹಾಬಾದಿನಲ್ಲಿ ಎದುರುಮಾತು ಕೇಳದ ಮನುಷ್ಯನಿಗೆ ಇವನು ಬೇಟಾ ಎಂದ! ಬೆರಳನ್ನು ಹೇಗೋ ಒಮ್ಮೆ ತಿರುಗಿಸಿದ. ಗಾಳ ಅವನ ಕೈಗೆ ಬಂತು.

ಅಷ್ಟಕ್ಕೇ ನಿಂತಿದ್ದರೆ ಸರಿ. ಮೀನನ್ನು ಬಿಡುವಾಗ ಅದರ ಮುಖವನ್ನು ಹರಿವಿಗೆ ಎದುರಾಗಿ ತಿರುಗಿಸಿ, ಬೆನ್ನು ಸವರಿ, ಮೆಲ್ಲಗೆ ಮುಂದೆ ನೂಕಬೇಕಂತೆ. ಬಾಬುಮಿಯಾ ವರ್ಷಗಟ್ಟಲೆ ಮಾಡಿದ ಕೆಲಸ, ಕೈ ಕೇಳಬೇಕಲ್ಲ. ಅವನು ಸಿರಾಜುದ್ದೀನರ ಮುಖವನ್ನು ಹರಿವಿಗೆ ಎದುರಾಗಿ ತಿರುಗಿಸಿದ, ಬೆನ್ನು ಸವರಿದ, “ಜಾ” ಎಂದು ಮೆಲ್ಲಗೆ ನೂಕಿದ. ಸಿರಾಜುದ್ದೀನರೂ ಏನೂ ತೋಚದೆ ಹೊಳೆಯಲ್ಲಿ ನಾಲ್ಕು ಹೆಜ್ಜೆ ಹೋದರು.

ಆಮೇಲೆ ನಿಂತರು. ತುಟಿ ಮುಟ್ಟಿಕೊಂಡರು, ಬೆರಳು ನೋಡಿಕೊಂಡರು. ಮತ್ತೆ ಮುಟ್ಟಿದರು, ಮತ್ತೆ ನೋಡಿದರು.

“ರಕ್ತ ಬಂದಿಲ್ಲ” ಎಂದರು.

“ಬರಂಗಿಲ್ರಿ” ಎಂದ ಬಾಬುಮಿಯಾ. ಅಷ್ಟೊತ್ತಿಗೆ ಅವನಿಗೆ ತಾನು ಹಿಡಿದದ್ದು ಯಾರನ್ನು ಎಂಬುದು ನೆನಪಾಗಿತ್ತು. “ಸಿರಾಜುದ್ದೀನ್ ಸಾಬ್, ಮಾಫ್ ಮಾಡ್ರಿ. ಮಸ್ಕತ್ತಿನಾಗ ನಾ ಒಂದ್ ಮೀನನೂ ಹಿಡದಿಲ್ಲ. ಹಿಡಿಯಾವ್ರು ಸಾಹೇಬರು. ನಂದು ಬರೇ ಬಿಡೋ ಕೆಲಸ. ನಾಕ್ ಮಂದಿ ಮುಂದ ದೊಡ್ಡಾಂವ ಆಗಬೇಕಂತ ಹಿಡದೀನಿ ಅಂತ ಹೇಳ್ಕೋತ ಬಂದೆ. ಸಿಟ್ಟು ನನ್ನ ಮ್ಯಾಲ ಇರ್ಲಿ. ಹುಡುಗಿದೇನೂ ತಪ್ಪಿಲ್ಲ.”

ಮಹೆವಿಶ ಅಷ್ಟರಲ್ಲಿ ನೀರಿಗಿಳಿದು ಬಂದಿದ್ದಳು. ತನ್ನ ಓಢಣಿಯ ತುದಿಯಿಂದ ಸಿರಾಜುದ್ದೀನರ ಗಡ್ಡದ ನೀರು ಒರೆಸಿ, “ಭಾಳ ನೋವಾಯ್ತೇನ್ರಿ ಚಾಚಾ?” ಎಂದಳು.

ಸಿರಾಜುದ್ದೀನರು ಅವಳನ್ನು ನೋಡಿದರು, ಆಮೇಲೆ ಅವಳ ಅಪ್ಪನ ಕೈಯನ್ನು ನೋಡಿದರು. “ಇಲ್ಲವ್ವಾ” ಎಂದರು. “ನೋವಾಗೇ ಇಲ್ಲ. ನಿಮ್ಮಪ್ಪನ ಬಾಯಿ ಸುಳ್ಳು ಹೇಳ್ತದ, ಕೈ ಸುಳ್ಳು ಹೇಳಂಗಿಲ್ಲ. ಇಷ್ಟ್ ಮೆತ್ತನ್ನ ಕೈಯಾಗ ಬೆಳದ ಹುಡುಗಿನ್ನ ಬ್ಯಾಡ ಅಂದ್ರ ಖುದಾ ನನ್ನ ಮೆಚ್ಚಂಗಿಲ್ಲ.” ಬಳಿಕ ದಂಡೆಯ ಕಡೆ ತಿರುಗಿ, ಅರ್ಧಕ್ಕೆ ನಿಂತಿದ್ದ ಭಾಷಣವನ್ನು ಬೇರೆ ರೀತಿ ಮುಗಿಸಿದರು. “ಎಲ್ಲಾರೂ ಕೇಳ್ರಿ! ಶುಕ್ರವಾರ ನಮಾಜ್ ಆದ ಮ್ಯಾಲ ನಮ್ಮ ಮನ್ಯಾಗ ಮಂಗ್ನಿ!”

ತೌಸೀಫ್ ಸಂತೋಷಕ್ಕೆ ಅಂಬರೇಶನನ್ನು ತಬ್ಬಿಕೊಂಡ. ಅಖ್ತರ ಬೇಗಂ ತಸ್ಬೀಹು ಕಣ್ಣಿಗೊತ್ತಿಕೊಂಡು ಅತ್ತಳು. ನಾಗರತ್ನಾ ಅವಳನ್ನು ಸಮಾಧಾನ ಮಾಡುತ್ತ ತಾನೂ ಅತ್ತಳು. ನನಗೆ ಮಾತ್ರ, ಕೋಲು ಇನ್ನೂ ನನ್ನ ಕೈಯಲ್ಲೇ ಇದ್ದದ್ದರಿಂದ, ಕಣ್ಣೊರೆಸಿಕೊಳ್ಳಲಾಗಲಿಲ್ಲ.

ಶುಕ್ರವಾರ ಶಹಾಬಾದಿನಲ್ಲಿ ಸಿರಾಜುದ್ದೀನರ ಮನೆ ನೆಂಟರಿಂದ ತುಂಬಿತ್ತು. ಮಾತು ಬಿಟ್ಟಿದ್ದ ಅವರ ತಮ್ಮನೂ ಬಂದಿದ್ದ. ಎಲ್ಲರೂ ಬಾಬುಮಿಯಾ ಕಥೆ ಹೇಳಲಿ ಎಂದು ಕಾದರು. ಬಾಬುಮಿಯಾ ಮೂಲೆಯಲ್ಲಿ ಕುಳಿತು, ಮಗಳ ಕೈಯ ಉಂಗುರ ನೋಡುತ್ತ, ಯಾರು ಏನು ಕೇಳಿದರೂ “ನಂದೇನದರಿ” ಎನ್ನುತ್ತಿದ್ದ. ಕಥೆ ಹೇಳಿದವರು ಸಿರಾಜುದ್ದೀನರು.

“ಗಾಳ ಅಂದ್ರ ಇಷ್ಟುದ್ದ!” ಎಂದು ಅವರು ಮೊಣಕೈ ತೋರಿಸಿದರು. “ನೀರಂದ್ರ ನನ್ನ ಕುತ್ತಿಗಿ ತನಕ! ನಾ ಏನ್ ಸುಮ್ಮನ ಸಿಕ್ಕೆನೇನು? ಸೇತುವಿ ತನಕ ಹರಿಗೋಲ್ ಎಳಕೊಂಡು ಹೋದೆ. ಅರ್ಧ ತಾಸು ಜಗ್ಗ್ಯಾಡೀನಿ. ಕೇಳ್ರಿ ಬೇಕಾದ್ರ, ಚಂದ್ರಾಮಣ್ಣ ಅಲ್ಲೇ ಇದ್ರು!”

ಮನೆ ತುಂಬ ಜನ ನನ್ನ ಕಡೆ ತಿರುಗಿದರು. ಗಾಳ ಹುಣಸೆಬೀಜದಷ್ಟಿತ್ತು, ನೀರು ಮೊಣಕಾಲಿಗೆ ಇತ್ತು. ಈ ಸಲ ನಾನು ಬಾಯಿಗೆ ಬಿರಿಯಾನಿಯ ದೊಡ್ಡ ಮಾಂಸದ ತುಂಡು ಇಟ್ಟುಕೊಂಡು ಹೌದೆಂದು ಜೋರಾಗಿ ತಲೆಯಾಡಿಸಿದೆ.

“ಅಷ್ಟ್ ಕಷ್ಟಪಟ್ಟು ಹಿಡದು ಮತ್ತ ಬಿಟ್ಟೇಬಿಟ್ರೇನು?” ಎಂದು ಅವರ ತಮ್ಮ ಕೇಳಿದ.

“ಬಿಡದ ಮತ್ತೇನ್ ಮಾಡ್ತಾರ?” ಎಂದು ಸಿರಾಜುದ್ದೀನರು ಎದೆಯುಬ್ಬಿಸಿದರು. “ಅಷ್ಟ್ ದೊಡ್ಡ ಮೀನ ಯಾರರ ಉಣ್ತಾರೇನೋ? ಬೀಗತನ ಮಾಡ್ತಾರ!”